ಅಪ್ಪನ ಸಮಾಧಿ ಕಲ್ಲು ಮಾಡ್ಕೊಟ್ಟ ಶಿವಾರಪಟ್ಟಣದ ಅಂಗಡಿ

ಸಮಾಧಿ ಕಲ್ಲು ಮಾಡೋ ಅಂಗಡಿಗೆ ರಿವ್ಯೂ ಬರೆಯೋರು ಕಮ್ಮಿ, ನಾವು ಹುಡುಕಿದಾಗ ಕೋಲಾರ ಜಿಲ್ಲೆದು ಒಂದೂ ಸಿಗ್ಲಿಲ್ಲ, ಅದಕ್ಕೆ ಉದ್ದ ಆದ್ರೂ ಪರವಾಗಿಲ್ಲ ಅಂತ ಪೂರ್ತಿ ಬರೀತಿದೀನಿ. ಮಾಲೂರು ತಾಲ್ಲೂಕು ಶಿವಾರಪಟ್ಟಣ ದೇವರ ವಿಗ್ರಹಕ್ಕೆ ಹೆಸರಾದ ಊರು. ಗಣಪತಿ, ಆಂಜನೇಯ, ನಂದಿ, ಅರ್ಧ ಕೆತ್ತಿರೋ ದ್ವಾರಪಾಲಕರು ಎಲ್ಲಾ ರಸ್ತೆ ಪಕ್ಕದಲ್ಲೇ ನಿಂತಿರ್ತಾರೆ, ಎಲ್ಲಿ ನೋಡಿದ್ರೂ ಕಲ್ಲಿನ ಧೂಳು, ಕಟರ್ ಸದ್ದು. ಅಲ್ಲಿ ಶಿಲುಬೆ ಇರೋ ಕಲ್ಲು ಮಾಡ್ಕೊಡ್ತಾರಾ ಅಂತ ನಮ್ಮ ಮನೆಲೂ ಡೌಟ್ ಇತ್ತು. ಮಾಡ್ಕೊಡ್ತಾರೆ, ಅದೂ ತುಂಬಾ ಶ್ರದ್ಧೆಯಿಂದ ಮಾಡ್ಕೊಡ್ತಾರೆ.

ಇದು ದೊಡ್ಡ ಶೋರೂಂ ಅಲ್ಲ. ತಗಡಿನ ಶೆಡ್ಡು, ಬೋರ್ಡ್ ಕೂಡ ಇಲ್ಲ, ಅಪ್ಪ ಮಗ ಇಬ್ರೂ ಕೆಲಸ ಮಾಡ್ತಾರೆ, ಜೊತೆಗೆ ಪಾಲಿಶ್ ಹೊಡೆಯೋಕೆ ಒಂದಿಬ್ರು ಹುಡುಗರು. ಮನೆಲಿ ತೆಲುಗು ಮಾತಾಡ್ತಾರೆ, ನಮ್ಮ ಜೊತೆ ಕನ್ನಡ, ಕೋಲಾರ ಕಡೆ ತುಂಬಾ ಜನ ಹಂಗೇ.

ಮೊದಲು ನಮ್ಮಪ್ಪನ ಬಗ್ಗೆ ಹೇಳ್ಬೇಕು, ಇಲ್ಲಾಂದ್ರೆ ಒಂದು ಕಲ್ಲಿಗೆ ಇವರು ಯಾಕಿಷ್ಟು ಒದ್ದಾಡಿದ್ರು ಅನ್ಸುತ್ತೆ. ಅಪ್ಪ 1974ರಲ್ಲಿ ಕೆಇಬಿಗೆ ಲೈನ್‌ಮನ್ ಆಗಿ ಸೇರಿದ್ರು. 1999ರಲ್ಲಿ ಅದು ಕೆಪಿಟಿಸಿಎಲ್ ಆಯ್ತು, 2002ರಲ್ಲಿ ನಮ್ಮ ಕಡೆಗೆಲ್ಲ ಬೆಸ್ಕಾಂ ಬಂತು, ಆದ್ರೆ ನಮ್ಮ ಬೀದಿಲಿ ಅವರು ಕೊನೇವರ್ಗೂ ಕೆಇಬಿ ಅಣ್ಣನೇ. ಮಳೆ ಗಾಳಿ ಬಂದು ಕರೆಂಟ್ ಹೋದ್ರೆ ಜನ ಆಫೀಸಿಗೆ ಫೋನ್ ಮಾಡ್ತಿರ್ಲಿಲ್ಲ, ನಮ್ಮ ಮನೆ ಬಾಗಿಲು ತಟ್ತಿದ್ರು, ಡ್ಯೂಟಿ ಇರ್ಲಿ ಬಿಡ್ಲಿ ರೈನ್‌ಕೋಟ್ ಹಾಕ್ಕೊಂಡು ಹೊರಟೇಬಿಡೋರು. ಅಮ್ಮ ಇಟಿಸಿಎಂ ಆಸ್ಪತ್ರೆಲಿ ಸ್ಟಾಫ್ ನರ್ಸ್. ಕೋಲಾರದೋರಿಗೆ ಹೇಳೋದೇ ಬೇಡ, ಎಲೆನ್ ಥೋಬರ್ನ್ ಕೋವೆನ್ ಮೆಮೋರಿಯಲ್ ಅನ್ನೋ ಪೂರ್ತಿ ಹೆಸರು ಗೊತ್ತಿಲ್ಲದೋರಿಗೂ ಮೆಥೋಡಿಸ್ಟ್ ಮಿಷನ್‌ನೋರ ಆ ಆಸ್ಪತ್ರೆ ಗೊತ್ತು, ನಮ್ಮ ಜಿಲ್ಲೆಲಿ ಎಷ್ಟು ಮನೆ ಮಕ್ಕಳು ಹುಟ್ಟಿರೋದೇ ಅಲ್ಲಿ. ಅಮ್ಮಂಗೆ ನೈಟ್ ಡ್ಯೂಟಿ ಇದ್ದಾಗ ಅಪ್ಪ ಸೈಕಲ್ಲಲ್ಲಿ ಬಿಟ್ಟು ಬರೋರು, ಬೆಳಗ್ಗೆ ಕರ್ಕೊಂಡು ಬರೋರು, ನಡುವೆ ನಮಗೆ ಊಟ ಹಾಕಿ ಮಲಗ್ಸೋದು, ಜಡೆ ಹಾಕೋದು, ಡಬ್ಬಿ ಕಟ್ಟೋದು ಎಲ್ಲಾ ಅವರದ್ದೇ. ಶನಿವಾರ ರಾತ್ರಿ ನಾಲ್ಕೂ ಜನರ ಚಪ್ಪಲಿ ಶೂ ಸಾಲಾಗಿ ಇಟ್ಟು ಪಾಲಿಶ್ ಮಾಡೋರು, ಭಾನುವಾರ ಚರ್ಚಿಗೆ ಹೋಗೋಕೆ. ಬೇರೆ ಊರಿಗೆ ಹಾಕಿ ಪ್ರಮೋಷನ್ ಕೊಡ್ತೀವಿ ಅಂದಾಗ ಬೇಡ ಅಂದ್ರು, ಅಮ್ಮನ ಕೆಲಸ ಬಿಡ್ಸೋಕಾಗಲ್ಲ ಅಂತ. ಆ ಕಾಲದಲ್ಲಿ ಹಂಗೆ ಯೋಚಿಸೋ ಗಂಡಸರು ಎಷ್ಟು ಜನ ಇದ್ರು ಹೇಳಿ.

ಚರ್ಚಲ್ಲಿ ಅವರು ಒಂದು ಸಲ ಖಜಾಂಚಿ ಆಗಿದ್ರು, ಆಮೇಲೆ ಕಮಿಟಿ ಪೋಸ್ಟ್ ಯಾವುದೂ ಬೇಡ ಅಂದ್ರು. ಆದ್ರೆ ಬಾಗಿಲ ಬೀಗ ತೆಗೆಯೋದು, ಮೈಕ್ ಸೆಟ್ ಚೆಕ್ ಮಾಡೋದು, ಕ್ರಿಸ್ಮಸ್‌ಗೆ ಗೋಪುರದ ಮೇಲೆ ನಕ್ಷತ್ರ ಕಟ್ಟಿ ಸೀರಿಯಲ್ ಸೆಟ್ ಎಳೆಯೋದು, ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಕರೆಂಟ್ ಹೋದ್ರೆ ಅಂತ ಜನರೇಟರ್‌ಗೆ ಡೀಸೆಲ್ ತಂದಿಡೋದು, ಇದೆಲ್ಲಾ ಯಾರೂ ಹೇಳದೆ ಮಾಡ್ತಿದ್ರು. ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಮುಗಿದ ಮೇಲೆ ಒಂದು ಕಥೆ ಯಾವಾಗ್ಲೂ ಹೇಳ್ತಿದ್ರು, 1902ರಲ್ಲಿ ಶಿವನಸಮುದ್ರದಿಂದ ನಮ್ಮ ಕೋಲಾರ ಚಿನ್ನದ ಗಣಿಗೆ ಕರೆಂಟ್ ಲೈನ್ ಎಳೆದಿದ್ದು, ಬೆಂಗಳೂರಿಗೆ ಬೀದಿ ದೀಪ ಬಂದಿದ್ದು ಅದಾದ ಮೇಲೆ, 1905ರಲ್ಲಿ, ಅಂತ. ಕಾವೇರಿ ನೀರು ನಮಗೆ ಬರ್ಲಿಲ್ಲ, ಆದ್ರೆ ಕಾವೇರಿ ಬೆಳಕು ನಮಗೇ ಮೊದಲು ಬಂತು ಕಣ್ರೋ ಅಂತ ಹೇಳುವಾಗ ಅವರ ಮುಖ ನೋಡ್ಬೇಕಿತ್ತು.

ಸುಗ್ಗಿ ಹಬ್ಬದಲ್ಲಿ ಹರಾಜು ಕೂಗೋರು ಅವರೇ. ಗೊತ್ತಿಲ್ಲದೋರಿಗೆ ಹೇಳ್ತೀನಿ, ನಮ್ಮಲ್ಲಿ ವರ್ಷಕ್ಕೊಂದು ಸಲ ಎಲ್ಲರೂ ಬೆಳೆದಿದ್ದರಲ್ಲಿ ಒಂದಿಷ್ಟು ಚರ್ಚಿಗೆ ತರ್ತಾರೆ, ರಾಗಿ, ಅವರೆಕಾಯಿ, ಕುಂಬಳಕಾಯಿ, ಕೋಳಿ, ಮನೆಲಿ ಮಾಡಿದ ಕೇಕು, ಆರಾಧನೆ ಆದ್ಮೇಲೆ ಅದನ್ನ ಹರಾಜು ಹಾಕಿ ಬಂದ ದುಡ್ಡು ಸಭೆಗೆ. ಒಂದು ವರ್ಷ ಟೊಮ್ಯಾಟೊ ರೇಟು ಪೂರ್ತಿ ಬಿದ್ದೋಗಿತ್ತು, ರೈತರು ಎಪಿಎಂಸಿಗೆ ತಂದಿದ್ದನ್ನ ರಸ್ತೆಗೆ ಸುರಿದು ಹೋಗ್ತಿದ್ರು, ಅಂಥ ಟೈಮಲ್ಲಿ ನಮ್ಮ ಸಭೆಯ ಒಬ್ಬ ರೈತ ಒಂದು ಬಾಕ್ಸ್ ಟೊಮ್ಯಾಟೊ ತಂದು ಮೂಲೆಲಿ ಇಟ್ಟು ತಲೆ ತಗ್ಸಿ ನಿಂತಿದ್ರು. ಅಪ್ಪ ಆ ಬಾಕ್ಸ್ ಎತ್ತಿ ಮೇಜಿನ ಮೇಲಿಟ್ಟು ಮೊದಲನೇ ಸವಾಲು ತಾವೇ ಕೂಗಿದ್ರು, ಆಮೇಲೆ ಡಾಕ್ಟ್ರು ಒಬ್ಬರು ಏರಿಸಿದ್ರು, ಅಯ್ಯನವರು (ಚರ್ಚಿನ ಪಾಸ್ಟರ್) ಏರಿಸಿದ್ರು, ಅವತ್ತು ಅತಿ ಹೆಚ್ಚು ದುಡ್ಡು ಬಂದಿದ್ದು ಆ ಟೊಮ್ಯಾಟೊಗೇ. ಆ ರೈತರು ಅಪ್ಪನ ಮಣ್ಣಿಗೆ ಬಂದಾಗ ಇದನ್ನೇ ಹೇಳ್ಕೊಂಡು ಅತ್ತರು.

ಈಗ ಕಲ್ಲಿನ ವಿಷಯಕ್ಕೆ ಹತ್ತಿರ ಬರ್ತೀನಿ. ರಿಟೈರ್ ಆದ್ಮೇಲೆ ಅಪ್ಪ ನಮ್ಮ ಸಮಾಧಿ ತೋಟದ ಜವಾಬ್ದಾರಿ ತಗೊಂಡ್ರು. ಗಿಡ ಗಂಟಿ ಕಡಿಸೋದು ಒಂದು ಕೆಲಸ, ಅದಕ್ಕಿಂತ ದೊಡ್ಡದು ರಿಜಿಸ್ಟರ್. ಯಾವ ಸಾಲಲ್ಲಿ ಎಷ್ಟನೇ ಸಮಾಧಿ ಯಾರದ್ದು ಅಂತ ಒಂದು ಲಾಂಗ್ ನೋಟ್‌ಬುಕ್ಕಲ್ಲಿ ಸ್ಕೇಲ್ ಇಟ್ಟು ಗೆರೆ ಹಾಕಿ ಬರೆದಿದ್ರು. ಹಳೇ ಕಲ್ಲುಗಳಲ್ಲಿ ಅಕ್ಷರ ಸವೆದು ಹೋಗಿರುತ್ತಲ್ಲ, ಅದನ್ನ ಓದೋಕೆ ಸಂಜೆ ಕತ್ತಲಾದ ಮೇಲೆ ಹೋಗೋರು, ಲೈನ್‌ಮನ್ ಟಾರ್ಚನ್ನ ಕಲ್ಲಿನ ಪಕ್ಕಕ್ಕೆ ಒತ್ತಿ ಅಡ್ಡಡ್ಡ ಬೆಳಕು ಬಿಡೋರು, ಎದುರಿಂದ ಬಿಟ್ರೆ ಏನೂ ಕಾಣಲ್ಲ, ಪಕ್ಕದಿಂದ ಬಿಟ್ರೆ ಅಕ್ಷರದ ಗುಂಡಿಲಿ ನೆರಳು ನಿಂತು ಒಂದೊಂದಾಗಿ ಎದ್ದು ಬರುತ್ತೆ. ಚಿಕ್ಕೋರಿದ್ದಾಗ ಕೆಜಿಎಫ್‌ಗೆ ಕರ್ಕೊಂಡು ಹೋಗಿ ಅಲ್ಲಿ ಇಂಗ್ಲಿಷರ ಕಾಲದ ಸಮಾಧಿಗಳನ್ನೂ ತೋರ್ಸಿದ್ರು. ನೂರು ವರ್ಷ ಆದ್ರೂ ಓದೋಕಾಗ್ಬೇಕು, ಇಲ್ಲಾಂದ್ರೆ ಕಲ್ಲು ಯಾಕೆ ಹಾಕ್ಬೇಕು ಅನ್ನೋರು. ಬೆಂಗಳೂರು ಚೆನ್ನೈ ಕಡೆಯಿಂದ ಯಾರಾದ್ರೂ ಬಂದು ನಮ್ಮ ಅಜ್ಜಿ ಸಮಾಧಿ ಇಲ್ಲೆಲ್ಲೋ ಇದೆಯಂತೆ ಅಂದ್ರೆ ನೇರ ಅಲ್ಲಿಗೇ ಕರ್ಕೊಂಡು ಹೋಗಿ ನಿಲ್ಲಿಸೋರು. ಕೊರೋನಾ ಟೈಮಲ್ಲಿ ಮನೆಯೋರೇ ಹತ್ರ ಬರೋಕೆ ಹೆದರ್ತಿದ್ದಾಗ ಗುಂಡಿ ತೋಡ್ಸೋದರಿಂದ ಹಿಡಿದು ಪ್ರಾರ್ಥನೆ ಮುಗಿಯೋವರ್ಗೂ ಅಲ್ಲೇ ದೂರದಲ್ಲಿ ಮಾಸ್ಕ್ ಹಾಕ್ಕೊಂಡು ನಿಂತಿರೋರು, ನಾವು ಮನೆಲಿ ಎಷ್ಟು ಬೈದ್ರೂ ಕೇಳ್ಲಿಲ್ಲ.

ಅಂಥ ಮನುಷ್ಯನಿಗೆ ಹಾಕೋ ಕಲ್ಲಲ್ಲಿ ಅಕ್ಷರ ಅಳಿಸಿಹೋದ್ರೆ ಹೆಂಗೆ? ನಮ್ಮ ಚಿಂತೆ ಪೂರ್ತಿ ಇದೇ ಆಗಿತ್ತು.

ಮೊದಲು ಟೌನಲ್ಲೇ ಒಂದು ಅಂಗಡಿಗೆ ಹೋಗಿದ್ವಿ, ಹೆಸರು ಬೇಡ. ಅಲ್ಲಿ ಕಂಪ್ಯೂಟರಲ್ಲಿ ರೆಡಿ ಡಿಸೈನ್ ಇರುತ್ತೆ, ಪಾರಿವಾಳ, ಮೇಣದಬತ್ತಿ, ಗುಲಾಬಿ, ಮಧ್ಯದಲ್ಲಿ ಹೆಸರು ಹಾಕಿ ಕೊಡ್ತಾರೆ. ಪ್ರೂಫ್ ತೋರಿಸಿದ್ರು, ಕ್ರಿಸ್ತ ಅನ್ನೋದರಲ್ಲಿ ತ ಒತ್ತು ಕೆಳಗಿನ ಸಾಲಿನ ಮೇಲೆ ಹತ್ತಿ ಕೂತಿತ್ತು, ಸರಿ ಮಾಡಿ ಅಂದ್ರೆ ಸಾಫ್ಟ್‌ವೇರ್‌ನಲ್ಲಿ ಬರೋದೇ ಹಂಗೆ ಮೇಡಂ ಅಂದ್ರು. ಅಕ್ಷರ ಎಷ್ಟು ಆಳ ಹೋಗುತ್ತೆ ಅಂದ್ರೆ ಉತ್ತರ ಇಲ್ಲ, ಪೇಂಟ್ ಚೆನ್ನಾಗಿರುತ್ತೆ ಅಂದ್ರು. ಅಮ್ಮ ಎದ್ದು ಬಂದ್ಬಿಟ್ರು. ಆಮೇಲೆ ಶಿವಾರಪಟ್ಟಣ ಹೇಳಿದ್ದು ನಮ್ಮ ಚರ್ಚಿನ ಗಾರೆ ಕೆಲಸದೋರು.

ಇಲ್ಲಿ ಹಿರಿಯರು ಮೊದಲು ಕೇಳಿದ್ದು ಸೈಜ್ ಅಲ್ಲ, ರೇಟ್ ಅಲ್ಲ. "ಯಾರಮ್ಮ ತೀರ್ಕೊಂಡಿದ್ದು, ಏನ್ ಕೆಲಸ ಮಾಡ್ತಿದ್ರು" ಅಂದ್ರು. ಅಮ್ಮ ಹೇಳ್ತಾ ಹೋದ್ರು, ಅವರು ಕೈಯಲ್ಲಿದ್ದ ಚಾಣ (ಕಲ್ಲು ಕೆತ್ತೋ ಉಳಿ) ಕೆಳಗಿಟ್ಟು ಪೂರ್ತಿ ಕೇಳಿದ್ರು. ರಿಜಿಸ್ಟರ್ ವಿಷಯ, ಟಾರ್ಚ್ ವಿಷಯ ಬಂದಾಗ "ಹಂಗಾದ್ರೆ ಅಕ್ಷರ ಓದೋರಿಗೆ ಕೆತ್ತಬೇಕು, ಹುಷಾರಾಗಿ ಕೆತ್ತಬೇಕು" ಅಂದ್ರು. ಆಮೇಲೇ ಕಲ್ಲಿನ ಮಾತು.

ಕಲ್ಲಿನ ಬಗ್ಗೆ ಅವರು ಹೇಳಿದ್ದನ್ನ ಇಲ್ಲಿ ಬರೀತೀನಿ, ಮಾಡಿಸೋರಿಗೆ ಬೇಕಾಗುತ್ತೆ. ಮಾರ್ಬಲ್ ನೋಡೋಕೆ ಬಿಳಿ ಚೆನ್ನ, ಆದ್ರೆ ಬಯಲಲ್ಲಿ ಮಳೆಗೆ ಕರಗಿ ಕರಗಿ ಅಕ್ಷರದ ಅಂಚು ಮೊಂಡಾಗುತ್ತೆ. ಕೃಷ್ಣಶಿಲೆ ವಿಗ್ರಹಕ್ಕೆ ಒಳ್ಳೇದು, ಮೆತ್ತಗಿರುತ್ತೆ, ಸೂಕ್ಷ್ಮ ಕೆಲಸ ಬರುತ್ತೆ, ಗುಡಿ ಒಳಗೆ ಎಣ್ಣೆ ಅಭಿಷೇಕ ಆಗ್ತಾ ಇರುತ್ತೆ, ಸಮಾಧಿ ಮೇಲೆ ಬಿಸಿಲಲ್ಲಿ ನಿಲ್ಲಿಸೋಕೆ ಗ್ರಾನೈಟೇ ಸರಿ. ಗ್ರಾನೈಟಲ್ಲಿ ಸಾದರಹಳ್ಳಿ ಬೂದು ಕಲ್ಲು ಅಗ್ಗ, ಗಟ್ಟಿ, ಆದ್ರೆ ಅದರಲ್ಲಿ ಚುಕ್ಕಿ ಜಾಸ್ತಿ, ಸಣ್ಣ ಅಕ್ಷರ ಚುಕ್ಕಿಲಿ ಕಳೆದುಹೋಗುತ್ತೆ. ಚಾಮರಾಜನಗರ ಕಡೆ ಕಪ್ಪು ಕಲ್ಲಾದ್ರೆ ಕಾಳು ಸಣ್ಣದು, ಅಕ್ಷರದ ಅಂಚು ನೀಟಾಗಿ ನಿಲ್ಲುತ್ತೆ, ದುಡ್ಡು ಜಾಸ್ತಿ. ನಾವು ಕಪ್ಪೇ ತಗೊಂಡ್ವಿ. ಕನ್ನಡಿ ತರ ಪೂರ್ತಿ ಪಾಲಿಶ್ ಬೇಡ, ಬಿಸಿಲಿಗೆ ಕಣ್ಣು ಕುಕ್ಕಿ ಓದೋಕಾಗಲ್ಲ ಅಂತ ಅಕ್ಷರ ಬರೋ ಜಾಗ ಮಾತ್ರ ಸ್ವಲ್ಪ ಮಂದ ಪಾಲಿಶ್ ಮಾಡಿ, ಸುತ್ತ ಅಂಚು ಒರಟಾಗೇ ಬಿಟ್ರು. ನನ್ನ ತಮ್ಮ, ಅಪ್ಪನ ಫೋಟೋ ಲೇಸರಲ್ಲಿ ಹಾಕ್ಸೋಣ ಅಂದ. ಅವರು ಬೇಡ ಅನ್ಲಿಲ್ಲ, ಹಾಕೋರ ಅಡ್ರೆಸ್ ಕೊಡ್ತೀನಿ, ಆದ್ರೆ ಅದು ಮೇಲ್ಮೈ ಗೀರಿದ್ದಷ್ಟೇ, ನಾನು ಕೆತ್ತೋದ್ರ ಜೊತೆ ಬಾಳಿಕೆ ಬರಲ್ಲ ಅಂದ್ರು. ಇನ್ನೊಂದು ವ್ಯಾಪಾರ ತಪ್ಪಿದ್ರೂ ಸರಿ ಅಂತ ನಿಜ ಹೇಳೋರು ನನಗೆ ತುಂಬಾ ಹಿಡಿಸ್ತಾರೆ.

ಇನ್ನೊಂದು ಮುಖ್ಯ ವಿಷಯ, ಮಣ್ಣು ಮಾಡಿದ ತಕ್ಷಣ ಕಲ್ಲು ಹಾಕ್ಬೇಡಿ ಅಂದ್ರು. ಒಂದು ಮಳೆಗಾಲ ಕಳೀಲಿ, ಮಣ್ಣು ಕುಸಿದು ಕೂತ್ಕೊಳ್ಳುತ್ತೆ, ಮೊದಲೇ ಕೂರಿಸಿದ್ರೆ ಕಲ್ಲು ವಾಲುತ್ತೆ. ನಮ್ಮ ತೋಟದಲ್ಲಿ ವಾಲಿರೋ ಕಲ್ಲುಗಳು ಎಷ್ಟಿವೆ ಅಂತ ನಾವು ನೋಡಿದ್ವಲ್ಲ, ಕಾರಣ ಅವತ್ತು ಗೊತ್ತಾಯ್ತು.

ಈಗ ಅಕ್ಷರದ ಕೆಲಸ. ಇದನ್ನ ನಾನು ಪಕ್ಕದಲ್ಲೇ ಕೂತು ನೋಡಿದೀನಿ. ನಾವು ತಗೊಂಡು ಹೋಗಿದ್ದ ಪ್ರಿಂಟ್‌ಔಟ್ ಪಕ್ಕಕ್ಕಿಟ್ಟು ಹಿರಿಯರು ತಾವೇ ಬಿಳಿ ಪೆನ್ಸಿಲಲ್ಲಿ ಕಲ್ಲಿನ ಮೇಲೆ ಬರೆದ್ರು. ಇಂಗ್ಲಿಷ್ ಆದ್ರೆ ಮೇಲೊಂದು ಕೆಳಗೊಂದು ಗೆರೆ ಸಾಕಂತೆ, ಕನ್ನಡಕ್ಕೆ ಸಾಲಿನ ಕೆಳಗೆ ಇನ್ನೊಂದು ಅರ್ಧ ಸಾಲಿನಷ್ಟು ಜಾಗ ಒತ್ತಕ್ಷರಕ್ಕೇ ಬಿಡ್ಬೇಕು, ಮೇಲೆ ಗುಡಿಸು ಏತ್ವಕ್ಕೆ ಜಾಗ ಬೇಕು, ಇಲ್ಲಾಂದ್ರೆ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತೆ. ಟೌನ್ ಅಂಗಡಿಲಿ ಆಗಿದ್ದು ಇದೇ. ಇವರು ನಾವು ಬರೆಸ್ಬೇಕು ಅಂದ್ಕೊಂಡಿದ್ದರಲ್ಲಿ ಅರ್ಧ ಕಮ್ಮಿ ಮಾಡಿಸಿ ಅಕ್ಷರ ದೊಡ್ಡದು ಮಾಡಿದ್ರು. ಕೆತ್ತುವಾಗ ಚಾಣವನ್ನ ಒಂದು ಪಕ್ಕದಿಂದ ಓರೆಯಾಗಿ ಇಟ್ಟು ಸಣ್ಣ ಸಣ್ಣ ಏಟು, ಆಮೇಲೆ ಇನ್ನೊಂದು ಪಕ್ಕದಿಂದ, ಎರಡೂ ಸೇರೋ ಜಾಗದಲ್ಲಿ ತಳ ಚೂಪಾಗುತ್ತೆ, ನೇಗಿಲ ಸಾಲಿನ ತರ. ಹಂಗೆ ಕೆತ್ತಿದ್ರೆ ಪೇಂಟ್ ಹೋದ್ರೂ ನೆರಳಲ್ಲೇ ಓದ್ಬೋದು, ನೀರೂ ನಿಲ್ಲದೆ ಹರಿದುಹೋಗುತ್ತೆ. ರ ಒತ್ತಿನ ಬಾಲ ಬಗ್ಗೋ ಜಾಗದಲ್ಲಿ ಕಲ್ಲು ಚಕ್ಕೆ ಏಳೋ ಭಯ ಇರುತ್ತಂತೆ, ಅಲ್ಲಿ ಸುತ್ತಿಗೆ ಬಿಟ್ಟು ಅಂಗೈಯಲ್ಲೇ ತಟ್ಟಿ ತಟ್ಟಿ ತೆಗೆದ್ರು, ಒಂದೇ ಒಂದು ಒತ್ತಿಗೆ ಎಷ್ಟು ಹೊತ್ತು ತಗೊಂಡ್ರೋ. ನಡುನಡುವೆ ಮಗ ಮೊಬೈಲ್ ಟಾರ್ಚ್ ಹಾಕಿ ಕಲ್ಲಿನ ಪಕ್ಕಕ್ಕೆ ಅಡ್ಡ ಹಿಡಿದು ಆಳ ಎಲ್ಲಾ ಕಡೆ ಒಂದೇ ಸಮ ಇದೆಯಾ ನೋಡೋನು. ಅಮ್ಮ ಅದನ್ನ ನೋಡಿ "ನಿಮ್ಮಪ್ಪ ಹಿಡೀತಿದ್ದ ಹಂಗೇ ಹಿಡೀತಾನೆ ನೋಡು" ಅಂದ್ರು, ಅವತ್ತಿನಿಂದ ಆ ಹುಡುಗನ್ನ ಮಗನೇ ಅಂತಾನೇ ಕರೆಯೋದು.

ಏನು ಬರೆಸಿದ್ವಿ ಅಂದ್ರೆ, ಮೇಲೆ ಸಾದಾ ಶಿಲುಬೆ, ಹೆಸರು, 1950 – 2023, ಅದರ ಕೆಳಗೆ ಕೀರ್ತನೆ 90:17. ಮೋಶೆಯ ಪ್ರಾರ್ಥನೆ ಅದು, ನಮ್ಮ ಕೈಕೆಲಸ ಸಫಲ ಮಾಡು ದೇವರೇ ಅನ್ನೋ ಮಾತು ಬರುತ್ತೆ. ಹಿರಿಯರು ಅದನ್ನ ಓದ್ಸಿ ಕೇಳಿ "ಇದು ನಮಗೂ ಆಗುತ್ತಲ್ಲಮ್ಮ" ಅಂದ್ರು. ಮೊದಲು ನಾವು ಸಭೆಯಲ್ಲಿ ಅವರು ಮಾಡಿದ ಕೆಲಸದ ಪಟ್ಟಿ, ಎಷ್ಟು ವರ್ಷ ಸೇವೆ, ಎಲ್ಲಾ ಬರೆಸೋಣ ಅಂತಿದ್ವಿ, ಅಮ್ಮ ಬೇಡ ಅಂದ್ರು, ಅವರು ಬದುಕಿದ್ದಾಗ ತಮ್ಮ ಹೆಸರು ಚರ್ಚಿನ ಫಲಕದಲ್ಲೂ ಹಾಕಿಸ್ಕೊಳ್ಳಲಿಲ್ಲ, ಈಗ ಯಾಕೆ ಅಂತ. ಆದ್ರೆ ಒಂದು ಕೆಳಗಿನ ಮೂಲೆಲಿ ಸಣ್ಣದಾಗಿ "ಕೆಇಬಿ" ಅಂತ ಹಾಕಿಸಿದ್ದು ಅಮ್ಮನೇ. ಅದನ್ನ ಓದಿ ಯಾರಾದ್ರೂ ನಮ್ಮ ಕೆಇಬಿ ಅಣ್ಣ ಅಲ್ವಾ ಅಂತ ಗುರುತು ಹಿಡೀಲಿ ಅಂತ.

ಅಮ್ಮ ಇನ್ನೊಂದು ಕೇಳಿದ್ರು, ಬಲಗಡೆ ಅರ್ಧ ಜಾಗ ಖಾಲಿ ಬಿಡಿ, ನನ್ನ ಹೆಸರು ಅಲ್ಲಿ ಬರ್ಬೇಕು ಅಂತ. ನಾನೂ ತಮ್ಮನೂ ಏನೂ ಮಾತಾಡ್ಲಿಲ್ಲ. ಹಿರಿಯರು ಮಾತ್ರ ಏನೂ ವಿಶೇಷ ಅಲ್ಲ ಅನ್ನೋ ಹಂಗೆ ಅಳತೆ ತೆಗೆದು, ಶಿಲುಬೆಯನ್ನ ಮಧ್ಯಕ್ಕೆ ತಂದು, ಎಡಗಡೆ ಬರಹ, ಬಲಗಡೆ ಬರೀ ಒಂದು ಗೋಧಿ ತೆನೆ ಕೆಳಗೆ ಕೆತ್ತಿ, ಖಾಲಿ ಜಾಗ ಖಾಲಿ ಅನ್ನಿಸದ ಹಂಗೆ ಹೊಂದಿಸಿದ್ರು. "ನಿಧಾನಕ್ಕೆ ಬರ್ಲಮ್ಮ, ಕಲ್ಲು ಕಾಯುತ್ತೆ" ಅಂದ್ರು. ಅಮ್ಮ ನಕ್ಕರು, ಅಪ್ಪ ಹೋದ್ಮೇಲೆ ಅವರು ಹಂಗೆ ನಕ್ಕಿದ್ದು ನಾನು ನೋಡಿರ್ಲಿಲ್ಲ.

ಇನ್ನು ತೊಂದರೆಗಳು. ಹೇಳಿದ ಟೈಮಿಗೆ ಕೊಡಲ್ಲ, ಇದು ನಿಜ. ಈಸ್ಟರ್‌ಗೆ ಮುಂಚೆ ಬೇಕು ಅಂದಿದ್ವಿ, ಯಾಕಂದ್ರೆ ಈಸ್ಟರ್ ಬೆಳಗಿನ ಜಾವ ಎಲ್ಲರೂ ತೋಟಕ್ಕೆ ಬಂದು ಮೇಣದಬತ್ತಿ ಹಚ್ತಾರೆ. ಆದ್ರೆ ನಡುವೆ ಅವರಿಗೆ ಯಾವುದೋ ದೇವಸ್ಥಾನದ ಪ್ರತಿಷ್ಠೆ ಕೆಲಸ ಬಂತು, ಮುಹೂರ್ತ ಮೀರೋಕಾಗಲ್ಲ ಅಂತ ನಮ್ಮದು ಹಿಂದೆ ಬಿತ್ತು, ಈಸ್ಟರ್ ಮುಗಿದ ಮೇಲೇ ಕೈಗೆ ಬಂತು. ಮೊದಲೇ ಹೇಳಿದ್ರೆ ಬೇಜಾರಾಗ್ತಿರ್ಲಿಲ್ಲ. ಕೆಲಸದಲ್ಲಿದ್ದಾಗ ಕಟರ್ ಸದ್ದಿಗೆ ಫೋನ್ ಎತ್ತಲ್ಲ, ಸಂಜೆ ಆರರ ಮೇಲೆ ಮಾಡಿದ್ರೆ ಮಗ ಎತ್ತುತ್ತಾನೆ. ಬಿಲ್ ಕೇಳಿದ್ರೆ ಚೀಟಿಲಿ ಬರ್ಕೊಡ್ತಾರೆ ಅಷ್ಟೇ, ಫೋನ್‌ಪೇ ಇದೆ.

ರೇಟು: 3 ಅಡಿ ಎತ್ತರ, 2 ಅಡಿ ಅಗಲ, 4 ಇಂಚು ದಪ್ಪದ ಕಪ್ಪು ಕಲ್ಲು, ಕೆತ್ತನೆ ಸೇರಿ ನಮಗೆ 26,000 ಆಯ್ತು, ಗಾಡಿ ಬಾಡಿಗೆ ಬೇರೆ. ಟೌನಲ್ಲಿ ತೆಳು ಸ್ಲ್ಯಾಬಿಗೆ ಇದರ ಅರ್ಧಕ್ಕಿಂತ ಕಮ್ಮಿ ಹೇಳಿದ್ರು, ನಿಜ, ಆದ್ರೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಯಾಕೆ ಅಂತ ಗೊತ್ತಾಗುತ್ತೆ. ಅಕ್ಷರದ ಲೆಕ್ಕಕ್ಕೆ ದುಡ್ಡು ಕೇಳಲ್ಲ, ಒಟ್ಟು ಕೆಲಸಕ್ಕೆ ಒಂದು ರೇಟು. ಅಡ್ವಾನ್ಸ್ ಅರ್ಧ.

ಕಲ್ಲು 150 ಕೆಜಿ ಮೇಲೇ ಬರುತ್ತೆ, ಸುಮ್ನೆ ಇಬ್ಬರು ಎತ್ತೋಕೆ ಹೋಗ್ಬೇಡಿ. ಟಾಟಾ ಏಸ್‌ನಲ್ಲಿ ಹುಲ್ಲು ಹಾಸಿ ಮಲಗಿಸಿ ಕಳ್ಸಿದ್ರು, ಜೊತೆಗೆ ಮಗನೇ ಬಂದ. ಸಮಾಧಿ ತಲೆಗಡೆ ಜೆಲ್ಲಿ ಕಾಂಕ್ರೀಟ್ ಹಾಸು ಹಾಕಿ, ಕಲ್ಲಿನ ಬುಡ ಮಣ್ಣೊಳಗೆ ಹೋಗೋ ಹಂಗೆ ನಿಲ್ಲಿಸಿ, ಮಟ್ಟದ ಗುಂಡು ಹಿಡಿದು ನೋಡಿ ಕೂರಿಸಿದ. ಊಟದ ಟೈಮಲ್ಲಿ ನಮ್ಮ ಮನೆಲೇ ಮುದ್ದೆ ಸಾರು ತಿಂದು, ಅಪ್ಪನ ರಿಜಿಸ್ಟರ್ ನೋಡ್ಬೇಕು ಅಂತ ಕೇಳಿ ಪುಟ ತಿರುಗಿಸಿ ನೋಡಿ ಹೋದ. ರಿಜಿಸ್ಟರ್ ಈಗ ತಮ್ಮ ಮುಂದುವರಿಸ್ತಿದಾನೆ, ಅಪ್ಪನ ಸಾಲು ನಂಬರ್ ಬರೆದಿದ್ದೂ ಅವನೇ.

ಹೋಗೋರಿಗೆ ಕೆಲವು ಮಾತು. ಹೆಸರು, ತಾರೀಕು, ವಾಕ್ಯ ಎಲ್ಲಾ ದೊಡ್ಡ ಅಕ್ಷರದಲ್ಲಿ ಕೈಯಲ್ಲೇ ಬರ್ಕೊಂಡು ಹೋಗಿ, ಮನೆಯ ಹಿರಿಯರ ಹತ್ರ ಒಂದು ಸಲ ಓದ್ಸಿ, ವಾಟ್ಸಪ್ಪಲ್ಲಿ ಕಳಿಸಿ ಸುಮ್ನಾಗ್ಬೇಡಿ. ಪೆನ್ಸಿಲಲ್ಲಿ ಬರೆದ ದಿನ ಖುದ್ದಾಗಿ ಹೋಗಿ ಒತ್ತಕ್ಷರ ಒಂದೊಂದೂ ನೋಡಿ, ಏನಾದ್ರೂ ಬದಲಾಯಿಸೋದಿದ್ರೆ ಅವತ್ತೇ, ಚಾಣ ಬಿದ್ಮೇಲೆ ಆಗಲ್ಲ. ಚಿನ್ನದ ಬಣ್ಣದ ಪೇಂಟ್ ಬೇಡ ಅನ್ನಿ, ಬಿಳಿ ಸಾಕು, ಇಲ್ಲಾ ಏನೂ ಹಾಕ್ಬೇಡಿ. ನಿಮ್ಮ ಸಮಾಧಿ ತೋಟದಲ್ಲಿ ಕಲ್ಲು ಎಷ್ಟು ಎತ್ತರ ಇರ್ಬೋದು ಅಂತ ಅಯ್ಯನವರ ಹತ್ರ, ಕಮಿಟಿ ಹತ್ರ ಮೊದಲೇ ಕೇಳ್ಕೊಳ್ಳಿ. ಹಬ್ಬದ ಮುಂದೆ ಆರ್ಡರ್ ಕೊಡ್ಬೇಡಿ, ದೇವಸ್ಥಾನದ ಕೆಲಸ ಕಮ್ಮಿ ಇರೋ ಆಷಾಢದಲ್ಲಿ ಕೊಟ್ರೆ ಅವರಿಗೂ ಬಿಡುವು ಇರುತ್ತೆ, ನಿಮಗೂ ಪಕ್ಕದಲ್ಲಿ ಕೂತು ಮಾಡಿಸ್ಕೊಳ್ಳೋಕೆ ಆಗುತ್ತೆ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಕಮ್ಮಿ ಮಾಡಿದ್ದು ಈಸ್ಟರ್ ತಪ್ಪಿದ್ದಕ್ಕೆ, ಕೆಲಸಕ್ಕಲ್ಲ.